ಭುಜದ ಅಗಲ

ಮಗಳು ಬೆಳಿಗ್ಗೆ ಕಕ್ಕಿದ ಹಾಲು ತನ್ನ ಮೈಮೇಲೆ ಎಲ್ಲೋ ಇನ್ನೂ ಉಳಿದುಕೊಂಡಿದೆ ಎಂದು ಸಭೆಯ ಕೋಣೆಯಲ್ಲಿ ಕೂತ ಮೇಲೆ ಅವಳಿಗೆ ಖಾತ್ರಿಯಾಯಿತು. ಬಟ್ಟೆ ಬದಲಾಯಿಸಿದ್ದಳು, ಕುತ್ತಿಗೆಗೆ ಸೋಪು ಹಚ್ಚಿ ಎರಡೆರಡು ಸಲ ತೊಳೆದಿದ್ದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮೂಗು ಮುದುಡಿಕೊಂಡಳೇ, ಇಲ್ಲ ಅವಳ ಮೂಗೇ ಹಾಗಿತ್ತೇ ಎಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಕೂದಲಿನಲ್ಲಿರಬೇಕು. ಕಿವಿಯ ಹಿಂದೆ ಇರಬೇಕು. ಎ.ಸಿ. ಗಾಳಿ ತಿರುಗಿ ಬೀಸಿದಾಗಲೆಲ್ಲ ಆ ಹುಳಿ ವಾಸನೆ ಅವಳಿಂದೆದ್ದು ಉದ್ದ ಮೇಜಿನ ಮೇಲೆ ಹಾದು ಆಚೆ ತುದಿಯವರೆಗೂ ಹೋಗುತ್ತಿರುವಂತೆ ಅನ್ನಿಸುತ್ತಿತ್ತು. ಆಚೆ ತುದಿಯಲ್ಲಿ ಅಧ್ಯಕ್ಷರು ಕೆನೆ ತುಂಬಿದ ಬಿಸ್ಕತ್ತನ್ನು ಎರಡು ಪದರವಾಗಿ ಬಿಡಿಸಿ, ಕೆನೆಯನ್ನು ಕೆಳಹಲ್ಲಿನಿಂದ ಕೆರೆದು ತಿಂದು, ಬೋಳು ಬಿಸ್ಕತ್ತನ್ನು ತಟ್ಟೆಯ ಅಂಚಿಗೆ ಒತ್ತರಿಸುತ್ತಿದ್ದರು. ಮೂರು ಬಿಸ್ಕತ್ತುಗಳ ಆರು ಹೋಳುಗಳು ಆಗಲೇ ಅಲ್ಲಿ ಬಿದ್ದಿದ್ದವು, ಹಲ್ಲಿನ ಗೀರುಗಳ ಸಮೇತ. ಅವುಗಳಿಂದ ಕಣ್ಣು ಕೀಳಬೇಕೆಂದು ಅವಳು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಮೂವತ್ತು ವರ್ಷ ಸೈನ್ಯದಲ್ಲಿದ್ದು, ಸಾವಿರಾರು ಜನಕ್ಕೆ ಹೀಗೆ ನಿಲ್ಲು ಹಾಗೆ ನಡೆ ಎಂದು ಹೇಳಿಕೊಟ್ಟ ಮನುಷ್ಯ. ಇವರ ಹೆಂಡತಿ ಇದನ್ನು ದಿನಾ ನೋಡಿಯೂ ಏನೂ ಹೇಳಿಲ್ಲವೇ? ಹಾಗೆ ಅಂದುಕೊಂಡ ಮರುಕ್ಷಣವೇ, ಕಂಡದ್ದನ್ನು ಹೇಳದೆ ಕೂತವಳು ಇನ್ನೊಬ್ಬಳ ಮೇಲೆ ತಪ್ಪು ಹೊರಿಸುವುದು ಚೆನ್ನಾಗಿದೆ ಎನ್ನಿಸಿ, ನಾಲಿಗೆಯ ಬುಡದಲ್ಲಿ ಕಹಿ ಬಂದಿತು.

ಕಾಲಾಳುಗಳನ್ನು ಒಯ್ಯುವ ಉಕ್ಕಿನ ವಾಹನವನ್ನು ಆರಿಸುವ ಸಮಿತಿಯ ಕೊನೆಯ ಸಭೆ ಅದು. ಎರಡು ವಾಹನಗಳು ಉಳಿದಿದ್ದವು. ಒಂದಕ್ಕೆ ಹಿಂಭಾಗವಿಡೀ ಇಳಿಜಾರಾಗಿ ನೆಲಕ್ಕೆ ಮಲಗುವ ದೊಡ್ಡ ಬಾಗಿಲು, ಜೊತೆಗೆ ವಿಪರೀತ ತೂಕ. ಅದನ್ನು ಎಲ್ಲರೂ ಆಮೆ ಎನ್ನುತ್ತಿದ್ದರು. ಇನ್ನೊಂದು ಹಗುರ, ಚುರುಕು. ಹಿಂದುಗಡೆ ಕಬ್ಬಿಣದ ಬೀರುವಿಗಿರುವಂಥ ಒಂದೇ ರೆಕ್ಕೆಯ ಬಾಗಿಲು. ಅದು ಡಬ್ಬಿ. ಅವಳು ಸೈನಿಕಳಲ್ಲ, ವಾಹನದ ಎಂಜಿನಿಯರೂ ಅಲ್ಲ. ಮೈ ಅಳೆಯುವವಳು. ಸೈನಿಕನ ಕೂತ ಎತ್ತರ ಎಷ್ಟು, ಮೊಣಕಾಲಿನಿಂದ ಹಿಮ್ಮಡಿಗೆ ಎಷ್ಟು, ಕವಚ ತೊಟ್ಟಾಗ ಎದೆ ಎಷ್ಟು ಮುಂದೆ ಬರುತ್ತದೆ, ಸೀಟು ಎಲ್ಲಿ ಒತ್ತುತ್ತದೆ, ಹೆಲ್ಮೆಟ್ಟು ಎಲ್ಲಿ ಬಡಿಯುತ್ತದೆ, ಇವು ಅವಳ ಕೆಲಸ. ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರ ಗಂಡಸರ ಭುಜಕ್ಕೆ, ಎರಡು ಕಬ್ಬಿಣದ ತೋಳುಗಳ ನಡುವೆ ಅಗಲ ಹಿಡಿಯುವ ಕ್ಯಾಲಿಪರ್ ಹಚ್ಚಿದ್ದಾಳೆ. ಅಂಗಿ ಬಿಚ್ಚಿ ಸಾಲಾಗಿ ನಿಂತ ಗಂಡಸರು ಮೊದಮೊದಲು ಅವಳನ್ನು ಕಂಡು ಮುಸಿಮುಸಿ ನಕ್ಕು, ಆಮೇಲೆ ದರ್ಜಿಯ ಮುಂದೆ ನಿಂತ ಮಕ್ಕಳ ಹಾಗೆ ಸುಮ್ಮನಾಗುತ್ತಿದ್ದರು. ಆ ಮೌನದಲ್ಲಿ ಅವಳಿಗೆ ಒಂದು ಬಗೆಯ ಗೌರವ ಸಿಗುತ್ತಿತ್ತು. ಈ ಕೋಣೆಯಲ್ಲಿ ಮಾತ್ರ ಅವಳು 'ನಮ್ಮ ಟೇಪು ಮೇಡಂ'.

“ಬಾಗಿಲು ದೊಡ್ಡದಿದೆ ಅಂತ ಆಮೆ ತಗೊಳ್ಳೋಣ, ನಂದೇನೂ ಅಡ್ಡಿ ಇಲ್ಲ,” ಎನ್ನುತ್ತಿದ್ದರು ಸೇತುವೆಯವರು. ರಸ್ತೆ, ಸೇತುವೆಗಳ ಹೊಣೆ ಹೊತ್ತ ಬಡಕಲು ಎಂಜಿನಿಯರು. ಮಾತಾಡುವಾಗ ಕನ್ನಡಕವನ್ನು ಹಣೆಗೇರಿಸಿ, ಮುಗಿಸಿದ ಮೇಲೆ ಇಳಿಸುತ್ತಿದ್ದರು. “ಆದ್ರೆ ಗಡಿ ರಸ್ತೇಲಿ ಇಪ್ಪತ್ಮೂರು ಸೇತುವೆ ಇವೆ ಸಾರ್. ಅದರಲ್ಲಿ ಹದಿನೈದು ಈ ಆಮೆ ಹತ್ತಿದ್ರೆ ಕುಸಿದು ಕೂರ್ತವೆ. ಆಗ ಬಾಗಿಲು ಎಷ್ಟು ದೊಡ್ಡದಿದ್ರೇನು, ನೀರೊಳಗೆ ತೆಗೀಬೇಕು.”

“ಮೀನು ಬೇಕಾದ್ರೆ ಒಳಗೆ ಬರಬಹುದು,” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಅವಳ ಬಾಯಿಯೂ ತಾನಾಗಿ ಅಗಲವಾಯಿತು. ಅಧ್ಯಕ್ಷರು ಹಾಸ್ಯ ಮಾಡಿದಾಗ ಹೀಗೆ ಅಗಲವಾಗುವ ಅಭ್ಯಾಸವನ್ನು ತನ್ನ ಬಾಯಿ ಯಾವಾಗ ಕಲಿತಿತೋ ಅವಳಿಗೆ ನೆನಪಿಲ್ಲ. ಮೊದಲು ಕೆನ್ನೆ, ಆಮೇಲೆ ಹಲ್ಲು, ಕೊನೆಗೆ ಕಣ್ಣು. ಕಣ್ಣು ಹಿಂದೆ ಬಿದ್ದರೆ ಗೊತ್ತಾಗಿಬಿಡುತ್ತದೆಂದು ಅದನ್ನೂ ಎಳೆದುತರುತ್ತಿದ್ದಳು. ಸೇತುವೆಯವರು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟ. ಎಲ್ಲರೂ ಲಂಚ ತಿಂದವರಾಗಿದ್ದರೆ, ಅಧ್ಯಕ್ಷರು ಕೇಡಿಗರಾಗಿದ್ದರೆ ಅವಳಿಗೆ ಇಷ್ಟು ಹೊತ್ತಿಗೆ ಹಗುರವಾಗುತ್ತಿತ್ತು. ಇವರು ನಿಜವನ್ನೇ ಹೇಳುತ್ತಿದ್ದರು, ಒಂದೊಂದಾಗಿ, ತೂಕ ಮಾಡಿ. ಅವುಗಳ ನಡುವೆ ಎಲ್ಲೋ ಒಂದು ಸುಳ್ಳು ಕೂತಿತ್ತು, ಅದು ಅವಳದು.

“ಡಬ್ಬಿ ಬಾಗಿಲ ವಿಷಯಾನೂ ಪರೀಕ್ಷೆ ಆಗಿದೆಯಲ್ಲ,” ಎಂದು ಅಧ್ಯಕ್ಷರು ಕ್ಯಾಪ್ಟನ್ ಕಡೆ ಕೈ ಬೀಸಿದರು. “ತೋರಿಸಪ್ಪ.” ಮೇಜಿನ ಮೂಲೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಚಿಕ್ಕ ವಯಸ್ಸಿನ ಕ್ಯಾಪ್ಟನ್ ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಡಬ್ಬಿಯ ಹಿಂಭಾಗ, ತೆರೆದ ಬಾಗಿಲು, ಬಾಗಿಲಿನಿಂದ ನೆಲಕ್ಕೆ ಜಿಗಿಯುತ್ತಿರುವ ಒಂದು ಆಕೃತಿ. ಹೆಲ್ಮೆಟ್ಟು ಕಣ್ಣಿನವರೆಗೂ ಇಳಿದಿತ್ತು, ಕವಚ ಸೊಂಟ ದಾಟಿ ತೊಡೆಗೆ ಬಡಿಯುತ್ತಿತ್ತು, ಎರಡೂ ಕಾಲು ನೆಲ ಬಿಟ್ಟಿದ್ದವು. ಹೆಲ್ಮೆಟ್ಟಿನ ಕೆಳಗೆ ಒಂದು ಬಾಯಿ ಮಾತ್ರ ಕಾಣುತ್ತಿತ್ತು, ನಗುತ್ತಿರುವ ಬಾಯಿ. “ನೋಡಿ, ನಮ್ಮ ಹುಡುಗ ಹೇಗೆ ಹಾರ್ತಿದಾನೆ,” ಎಂದರು ಅಧ್ಯಕ್ಷರು, ನಿಜವಾದ ಅಕ್ಕರೆಯಿಂದ. ಕ್ಯಾಪ್ಟನ್ ತನ್ನ ಬೂಟು ನೋಡಿಕೊಂಡ. ಅವಳು ಆ ಬಾಯಿಯನ್ನು ನೋಡಿದಳು. ಮೇಲಿನ ಸಾಲಿನಲ್ಲಿ ಒಂದರ ಮೇಲೊಂದು ಹತ್ತಿದ ಎರಡು ಹಲ್ಲು. ದಿನಾ ಕನ್ನಡಿಯಲ್ಲಿ ನೋಡಿ ಬೇಸತ್ತ ಹಲ್ಲುಗಳು. ಪರದೆಯ ಮೇಲೆ ಒಂದೊಂದೂ ಒಂದೊಂದು ಗೇಣು ದೊಡ್ಡದಿದ್ದವು.

ಪರೀಕ್ಷೆಯ ದಿನ ಬಯಲಿನಲ್ಲಿ ಬಿಸಿಲು ಕಬ್ಬಿಣಕ್ಕೆ ಹತ್ತಿ ಮುಟ್ಟಿದರೆ ಚುರ್ ಎನ್ನುತ್ತಿತ್ತು. ನಿಯಮ ಸರಳ: ಪೂರ್ತಿ ಸಾಮಾನು ಹೊತ್ತ ಎಂಟು ಜನ, ಬಾಗಿಲು ತೆರೆದ ಕ್ಷಣದಿಂದ ಹನ್ನೆರಡು ಸೆಕೆಂಡಿನೊಳಗೆ ಎಂಟೂ ಜನ ನೆಲದ ಮೇಲಿರಬೇಕು. ಹನ್ನೆರಡನ್ನು ಯಾರೂ ಅಂದಾಜಿನಲ್ಲಿ ಬರೆದದ್ದಲ್ಲ. ಬೆಂಕಿ ಒಳಗೆ ಬರಲು ಅಷ್ಟು ಹೊತ್ತು ಬೇಕು. ಬೆಳಿಗ್ಗೆ ಅವಳೇ ಎಂಟು ಜನರ ಮೈ ಅಳೆದು ಹಾಳೆಯ ಎಂಟು ಸಾಲುಗಳಲ್ಲಿ ಬರೆದಳು: ಎತ್ತರ, ತೂಕ, ಭುಜದ ಅಗಲ. ಸಮಯದ ಕಾಲಂ ಸಂಜೆ ತುಂಬಲೆಂದು ಖಾಲಿ ಬಿಟ್ಟಳು. ಏಳು ಜನ ಒಂದೇ ಅಚ್ಚಿನವರು, ಸಣ್ಣಗೆ ಒಣಗಿದ ಹುಡುಗರು. ಕ್ಯಾಪ್ಟನ್ ಆರಿಸಿ ತಂದಿದ್ದಾನೆಂದು ನೋಡಿದರೇ ತಿಳಿಯುತ್ತಿತ್ತು. ಒಬ್ಬನಿಗೆ ಹಿಂದಿನ ದಿನ ಹಲ್ಲುನೋವು ಬಂದು, ಅವನ ಬದಲಿಗೆ ಬಂದವನು ಬೀರು. ಅವನ ತಂಡದವರೇ ಇಟ್ಟ ಹೆಸರು. ಎರಡು ಬಾಗಿಲಿನ ಬೀರುವಿನಂಥದೇ ಮೈ, ಕ್ಯಾಲಿಪರ್ ಐವತ್ನಾಲ್ಕು ಸೆಂಟಿಮೀಟರಿಗೆ ನಿಂತಾಗ ಅವನೇ ಬಗ್ಗಿ ಓದಿ, “ಅಳತೆ ಸರಿ ಇದ್ಯಾ ಮೇಡಂ? ಹೋದ ವರ್ಷ ಐವತ್ಮೂರಿತ್ತು,” ಎಂದು ಮದುವೆಯ ಹುಡುಗನ ಹಾಗೆ ನಾಚಿಕೊಂಡಿದ್ದ. ಅಳೆಯುವ ಮೊದಲೇ ಚೀಟಿ ಎತ್ತಿ ಜಾಗ ಹಂಚಿದ್ದರು, ಅವನಿಗೆ ಐದನೆಯ ಜಾಗ ಬಂದಿತ್ತು.

ಸೀಟಿ ಕೂಗಿತು, ಬಾಗಿಲು ತೆರೆಯಿತು, ಒಂದು, ಎರಡು, ಮೂರು, ನಾಲ್ಕು ಜನ ಬಟಾಣಿ ಉದುರಿದ ಹಾಗೆ ಉದುರಿದರು. ಐದನೆಯವನ ತಲೆ ಬಂದಿತು, ಒಂದು ಕೈ ಬಂದಿತು, ಭುಜ ಬರಲಿಲ್ಲ. ಅಡ್ಡ ತಿರುಗಲು ನೋಡಿದ. ಬೆನ್ನಿನ ಚೀಲ ಚಿಲಕಕ್ಕೆ ಸಿಕ್ಕಿಕೊಂಡಿತು. ಹಿಂದೆ ಮೂವರಿದ್ದರು. ಅವರು ಮೊದಲು ಅವನ ಬೆನ್ನು ತಳ್ಳಿದರು, ಆಮೇಲೆ ಗುದ್ದಿದರು, ಆಮೇಲೆ ಒದ್ದರು. ಒಳಗಿನಿಂದ ಅವರ ಬೈಗುಳ ಕೊಳವೆಯೊಳಗಿನ ಮಾತಿನ ಹಾಗೆ ಕೇಳುತ್ತಿತ್ತು. ಮೂವತ್ತೊಂದು ಸೆಕೆಂಡು. ಎರಡನೆಯ ಸಲ ಇಪ್ಪತ್ತೇಳು. ಬೀರುವಿನ ತೋಳು ಚಿಲಕದ ತುದಿಗೆ ತರಚಿ ಚರ್ಮ ಎದ್ದಿತ್ತು. ಅವನು ರಕ್ತವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು, ಅವಳ ಎದುರು ಬಂದು ನಿಂತು, “ತಪ್ಪಾಯ್ತು ಮೇಡಂ,” ಎಂದ. ಯಾರಿಗೆ ತಪ್ಪು? ಯಾವ ತಪ್ಪು? ಅವಳು, ನಾಲ್ಕು ಸಾವಿರ ಭುಜ ಅಳೆದವಳು, 'ತಪ್ಪು ನಿನ್ನದಲ್ಲಪ್ಪ, ಬಾಗಿಲಿನದು' ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. “ನೀರು ಕುಡಿ ಹೋಗು,” ಎಂದಳು.

ಆಮೇಲೆ ಕ್ಯಾಪ್ಟನ್ ಬಂದು, ಐದನೆಯವನಿಗೆ ಬಿಸಿಲು ಹೊಡೆದಿದೆ, ಒಂದು ಓಟ ಬಾಕಿ ಇದೆ, ಆಳು ಸಾಲದು ಎಂದ. ಡಬ್ಬಿ ತಯಾರಿಸಿದ ಕಂಪನಿಯವನು ನೆರಳಿನಲ್ಲಿ ನಿಂತು, ತಣ್ಣನೆಯ ನೀರಿನ ಬಾಟಲಿ ಹಿಡಿದು, “ಮೇಡಮ್ಮೇ ಇದಾರಲ್ಲ! ಒಂದು ಸಲ ಹಾರಿಬಿಡಿ ಮೇಡಂ, ನಮ್ಮ ಡಬ್ಬಿ ನಿಮಗೂ ಗೊತ್ತಾಗ್ಲಿ,” ಎಂದ. ಎಲ್ಲರೂ ಅವಳನ್ನು ನೋಡಿದರು. ಅವಳಿಗೆ ಖುಷಿಯಾಯಿತು. ಅದು ಯಾರ ಒತ್ತಾಯವೂ ಆಗಿರಲಿಲ್ಲ, ಅಸಹ್ಯವಾದ, ಬರಿಯ ಖುಷಿ. ಆಟಕ್ಕೆ ಯಾರೂ ಕರೆಯದ ಹುಡುಗಿಯನ್ನು ಕೊನೆಗೂ ಕರೆದಂಥದು. ಗುಂಡು ತಡೆಯುವ ಪ್ಲೇಟು ತೆಗೆದ ಹಗುರ ಕವಚ ತೊಡಿಸಿದರು, ಖಾಲಿ ಚೀಲ ಹಾಕಿದರು. ಐದನೆಯವಳಾಗಿ ಅವಳು ಬಾಗಿಲನ್ನು ಮುಟ್ಟದೆ ಹಾರಿದಳು. ಎಂಟೂ ಜನ ಇಳಿಯಲು ಹನ್ನೊಂದೂವರೆ ಸೆಕೆಂಡು. ಚಪ್ಪಾಳೆ. “ನಿಮ್ಮಂಥ ಎಂಟು ಜನ ಇದ್ರೆ ಯುದ್ಧ ಮಧ್ಯಾಹ್ನದೊಳಗೆ ಮುಗೀತಿತ್ತು,” ಎಂದ ಕಂಪನಿಯವನು, ಫೋಟೋ ತೆಗೆಯುತ್ತ. ಅವಳು ನಕ್ಕಳು. ಸಂಜೆ ಹಾಳೆ ಬಂದಿತು. ಐದನೆಯ ಸಾಲಿನಲ್ಲಿ ಬೆಳಿಗ್ಗೆ ಅವಳೇ ಬರೆದ ಬೀರುವಿನ ಎತ್ತರ, ಬೀರುವಿನ ತೂಕ, ಬೀರುವಿನ ಭುಜ. ಅದರ ಮುಂದಿನ ಖಾಲಿ ಕಾಲಮ್ಮಿನಲ್ಲಿ ಅವಳು ಹಾರಿದ ಓಟದ ಸಮಯ. ಮೂವತ್ತೊಂದೂ ಇಪ್ಪತ್ತೇಳೂ ಎಲ್ಲಿಯೂ ಇರಲಿಲ್ಲ. ಆಳು ಬದಲಾದರೆ ಹಳೆಯ ಅಂಕಿಗೆ ಒಂದೇ ಗೀಟು ಎಳೆದು ಹೊಸಬನ ಅಂಕಿ ಬರೆದು ಚುಟುಕು ಸಹಿ ಹಾಕಬೇಕು, ಹಳೆಯದು ಓದಲು ಬರುವಂತೆ. ಅದು ಅವಳೇ ಎಲ್ಲರಿಗೂ ಕಲಿಸಿದ ಪದ್ಧತಿ. ಗಂಟೆ ಆರಾಗಿತ್ತು, ಶಿಶುವಿಹಾರದವರು ಎರಡು ಸಲ ಫೋನ್ ಮಾಡಿದ್ದರು, ಕ್ಯಾಪ್ಟನ್ ಪೆನ್ನು ಹಿಡಿದು ನಿಂತಿದ್ದ. ಅವಳು ಕೆಳಗೆ ಸಹಿ ಹಾಕಿದಳು. ಆ ರಾತ್ರಿ ಊಟದ ಹೊತ್ತಿಗೆ ಗಂಡನಿಗೂ ಮಗಳಿಗೂ ಅದನ್ನೆಲ್ಲ ತಮಾಷೆಯಾಗಿ ಹೇಳಿ, ಸ್ಟೂಲು ಹತ್ತಿ ನೆಲಕ್ಕೆ ಜಿಗಿದು ತೋರಿಸಿದ್ದಳು. “ಇನ್ನೊಂದ್ಸಲ ಅಮ್ಮ, ಇನ್ನೊಂದ್ಸಲ,” ಎಂದು ಮಗಳು ನಾಲ್ಕು ಸಲ ಹಾರಿಸಿದ್ದಳು.

“ಹಾಗಾದ್ರೆ ಬಾಗಿಲ ಬಗ್ಗೆ ಏನೂ ಉಳಿದಿಲ್ಲ,” ಎಂದು ಅಧ್ಯಕ್ಷರು ಹಾಳೆಯನ್ನು ಬೆರಳಿನಿಂದ ತಟ್ಟಿದರು. ಅವಳು ಸಹಿ ಹಾಕಿದ ಅದೇ ಹಾಳೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿ. ಅದರ ಮೇಲೆ ಕೆನೆಯ ಒಂದು ಹನಿ ಬಿದ್ದು ಎಣ್ಣೆಯಾಗಿ ಹರಡಿತ್ತು. ಬ್ಯಾಗಿನೊಳಗೆ ಫೋನು ನಡುಗಿತು. ಮೇಜಿನ ಕೆಳಗೆ ನೋಡಿದಳು. ಗಂಡ ಬರೆದಿದ್ದ: 'ಜ್ವರ ಜಾಸ್ತಿ ಆಗಿದೆ. ನಿನ್ನೇ ಕೇಳ್ತಿದಾಳೆ. ಬೇಗ ಮುಗಿಸಿ ಬರೋಕಾಗುತ್ತಾ.' ಹತ್ತು ನಿಮಿಷ ಸುಮ್ಮನಿದ್ದರೆ ಸಾಕು, ಎಲ್ಲ ಮುಗಿಯುತ್ತದೆ. ಸುಮ್ಮನಿರುವುದಕ್ಕೆ ಇಷ್ಟು ಒಳ್ಳೆಯ ಕಾರಣ ಮಗಳ ಮೈಯಿಂದ ಒದಗಿ ಬಂದಿತಲ್ಲ ಎಂದು ತನಗೆ ಹಾಯೆನಿಸಿದ್ದು ಅವಳಿಗೆ ತಿಳಿಯಿತು. ತಿಳಿದೊಡನೆ ಮೈಯೆಲ್ಲ ಅಂಟಂಟಾಯಿತು. ಎರಡು ವರ್ಷದ ಹಿಂದೆ ಸುಟ್ಟ ವಾಹನವೊಂದರ ಒಳಗನ್ನು ಅಳೆಯಲು ಅವಳನ್ನು ಕಳಿಸಿದ್ದರು. ಶಾಖಕ್ಕೆ ಗೋಡೆ ಎಷ್ಟು ಬಾಗಿದೆ ನೋಡಲು. ನೆಲಕ್ಕೆ ಬೂಟಿನ ಅಟ್ಟೆಗಳು ಕರಗಿ ಅಂಟಿದ್ದವು. ಎಲ್ಲವೂ ಬಾಗಿಲಿನ ಕಡೆಗೇ ಮುಖ ಮಾಡಿದ್ದವು, ಒಂದರ ಹಿಂದೆ ಒಂದು. ವಾಸನೆಗೆ ಕರವಸ್ತ್ರ ಕಟ್ಟಿಕೊಂಡು, ಅಟ್ಟೆಗಳನ್ನು ತುಳಿಯದಂತೆ ಕಾಲಿಟ್ಟು ಅಳೆದು ಬಂದು, ವರದಿಯಲ್ಲಿ 'ಒಳ ಅಳತೆಯಲ್ಲಿ ಗಣನೀಯ ಬದಲಾವಣೆ ಇಲ್ಲ' ಎಂದು ಬರೆದಿದ್ದಳು. ಅದು ನಿಜವೇ ಆಗಿತ್ತು. ಆ ವಾಕ್ಯ ಬರೆದ ಕೈ ಈ ಮೇಜಿನ ಮೇಲೆ, ಉಗುರು ಕತ್ತರಿಸಿ, ಉಂಗುರ ಹಾಕಿಕೊಂಡು, ಚೊಕ್ಕಟವಾಗಿ ಕೂತಿದೆ.

“ಸರ್, ಆ ಫೋಟೋದಲ್ಲಿ ಇರೋದು ನಾನು,” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಸೇತುವೆಯವರು ಕನ್ನಡಕ ಹಣೆಗೇರಿಸಿ ಪರದೆಯನ್ನೂ ಅವಳನ್ನೂ ನೋಡಿದರು. ಅವಳು ಹೇಳಿದಳು. ಐದನೆಯವನು ಎರಡು ಸಲ ಸಿಕ್ಕಿಕೊಂಡದ್ದು, ಮೂವತ್ತೊಂದು, ಇಪ್ಪತ್ತೇಳು, ಬಿಸಿಲು ಯಾರಿಗೂ ಹೊಡೆದಿರಲಿಲ್ಲ, ಪ್ಲೇಟಿಲ್ಲದ ಕವಚ, ಖಾಲಿ ಚೀಲ. ಹೇಳುತ್ತ ಹೇಳುತ್ತ ಅವಳ ಸ್ವರ ತೆಳ್ಳಗಾಗಿ ದೂರು ಹೇಳುವ ಶಾಲೆಯ ಹುಡುಗಿಯ ಸ್ವರವಾಯಿತು. ಆಮೇಲೆ ಅಧ್ಯಕ್ಷರು ನಕ್ಕರು. ಕುಹಕದ ನಗುವಲ್ಲ, ಹೊಟ್ಟೆ ಕುಣಿಯುವ ನಗು. “ಅಯ್ಯೋ, ಅದು ನೀವೇನ್ರೀ? ನಾನು ಯಾವನೋ ಚುರುಕಾದ ಹುಡುಗ ಅಂತ ಬಡ್ತಿ ಕೊಡಿಸೋಣ ಅಂತಿದ್ದೆ!” ಸೇತುವೆಯವರೂ ನಕ್ಕರು. “ಮೇಡಂಗೆ ಬೂಟು ಕೊಡಿಸಿ ಸಾರ್, ಸೇರಿಸ್ಕೊಂಡುಬಿಡೋಣ.” ಕ್ಯಾಪ್ಟನ್ ನಗಲಿಲ್ಲ, ಅವನ ಕಿವಿಗಳು ಕೆಂಪಾಗಿದ್ದವು.

“ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು,” ಎಂದರು ಅಧ್ಯಕ್ಷರು, ಕಣ್ಣೊರೆಸಿಕೊಳ್ಳುತ್ತ. “ಹೆಣ್ಣುಮಕ್ಕಳೂ ಸೈನ್ಯಕ್ಕೆ ಬರ್ತಿದಾರೆ. ಅವರಿಗೂ ಅನುಕೂಲ ಅಂತ ಪರೀಕ್ಷೆ ಆದ ಹಾಗಾಯ್ತಲ್ಲ. ಬರ್ಕೊಳಪ್ಪ.” ಕ್ಯಾಪ್ಟನ್ ಬರೆದುಕೊಂಡ. ಅವಳ ಬಾಯಿಂದ ಬಿದ್ದ ಸತ್ಯ ಅವಳ ಕಣ್ಣೆದುರೇ ಎದ್ದು, ಅಂಗಿ ತೊಟ್ಟು, ಸಮಿತಿಯ ಸದಸ್ಯನಾಗಿ ಕುರ್ಚಿಯಲ್ಲಿ ಕೂತಿತು.

“ಸರ್, ಅದಲ್ಲ. ಬಾಗಿಲು ಚಿಕ್ಕದು. ನೂರು ಜನದಲ್ಲಿ ಮೂವತ್ತು ಜನ ಅದರಲ್ಲಿ ತೂರಲ್ಲ.”

ಅಧ್ಯಕ್ಷರ ನಗು ಮೆಲ್ಲಗೆ ಇಳಿಯಿತು. ಮುಂದೆ ಬಗ್ಗಿ, ಮನೆಯ ಹಿರಿಯರು ಮಾತಾಡುವ ಹಾಗೆ ಮಾತಾಡಿದರು. “ನೋಡಮ್ಮ. ಬಾಗಿಲು ಅಗಲ ಮಾಡಬೇಕು ಅಂದ್ರೆ ಹಿಂದಿನ ಕಂಬ ಸರಿಸಬೇಕು. ಹದಿನಾಲ್ಕು ತಿಂಗಳು ಅಂತಾರೆ ಕಂಪನಿಯವರು. ಹದಿನಾಲ್ಕು ತಿಂಗಳು ನಮ್ಮ ಹುಡುಗರು ಯಾವುದರಲ್ಲಿ ಓಡಾಡ್ತಾರೆ ಗೊತ್ತಾ? ಲಾರೀಲಿ. ಮೇಲೆ ಟಾರ್ಪಾಲು. ಅದಕ್ಕೆ ಬಾಗಿಲೇ ಇಲ್ಲ, ಗೋಡೇನೂ ಇಲ್ಲ. ಹೋದ ತಿಂಗಳು ಅಂಥದೊಂದು ಲಾರಿ ಮೇಲೆ ಏನಾಯ್ತು ಅಂತ ನಾನು ಮನೆಮನೆಗೆ ಹೋಗಿ ಹೇಳಿ ಬಂದಿದೀನಿ. ನೀವು ಹೋಗಿದ್ರಾ?” ಇಲ್ಲ ಎಂದು ಅವಳು ತಲೆಯಾಡಿಸಿದಳು. “ನಿಮ್ಮ ಸಹಿ ಸುಳ್ಳು ಅಂತ ಬರೆದುಕೊಟ್ರೆ ವಿಚಾರಣೆ ಆಗುತ್ತೆ. ನೀವು ಹನ್ನೊಂದು ವರ್ಷ ಅಳೆದಿದ್ದೆಲ್ಲ ಮತ್ತೆ ಹೊರಗೆ ತೆಗೀತಾರೆ, ಹೆಲ್ಮೆಟ್ಟು, ಸೀಟು, ಎಲ್ಲಾ. ಅದು ಬೇಕಾ? ಬೇಡ. ಬಾಗಿಲು ಇರೋ ಹಾಗೇ ಇರ್ಲಿ. ಅದರಲ್ಲಿ ಹಿಡಿಸೋ ಅಂಥವರನ್ನ ಹಾಕೋಣ. ಭುಜ ಇಷ್ಟರೊಳಗೆ ಇರಬೇಕು ಅಂತ ಒಂದು ಮಿತಿ ನೀವೇ ಕೊಡಿ. ನಿಮಗಿಂತ ಚೆನ್ನಾಗಿ ಯಾರು ಕೊಡ್ತಾರೆ?”

“ಆಗಲಿ ಸರ್,” ಎಂದಳು. ಮಾತು ಮೊದಲು ಬಂದಿತು, ಆಮೇಲೆ ಅವಳಿಗೆ ಕೇಳಿಸಿತು. ಎದೆಯಿಂದ ದೊಡ್ಡದೊಂದು ಭಾರ ಇಳಿದದ್ದೂ ನಿಜ. ವಿಚಾರಣೆ ಇಲ್ಲ, ಬೈಗುಳವಿಲ್ಲ. ಹೇಳಬೇಕಾದ್ದನ್ನು ಹೇಳಿಯೂ ಆಯಿತು. ಬಾಗಿಲು ಐವತ್ತೆಂಟು, ಕವಚಕ್ಕೂ ಪಟ್ಟಿಗಳಿಗೂ ಹತ್ತು ಕಳೆದರೆ ನಲವತ್ತೆಂಟು. ಕ್ಯಾಪ್ಟನ್ ಚಾಚಿದ ಹಾಳೆಯಲ್ಲಿ 'ಗರಿಷ್ಠ ಭುಜದ ಅಗಲ ೪೮' ಎಂದು ಬರೆದಳು. ಅಂಕಿ ದುಂಡಗೆ, ಸುಂದರವಾಗಿ ಬಂದಿತು. “ನೋಡಿ, ಎಷ್ಟು ಸುಲಭ,” ಎಂದರು ಅಧ್ಯಕ್ಷರು. “ಇನ್ನು ಊಟ.” ಊಟದ ಪೊಟ್ಟಣಗಳು ಬಂದವು. ಮಗಳಿಗೆ ಜ್ವರ ಎಂದು ಹೇಳಿ ಅವಳು ಬ್ಯಾಗು ಎತ್ತಿಕೊಂಡು ಎದ್ದಳು. “ಅಯ್ಯೋ, ಮೊದಲೇ ಹೇಳಬಾರದಾ, ಹೋಗಿ ಹೋಗಿ,” ಎಂದು ಅಧ್ಯಕ್ಷರು ಮನಸಾರೆ ಮರುಗಿದರು. ತಮ್ಮ ಪೊಟ್ಟಣದ ಬಾಳೆಹಣ್ಣನ್ನು ಮಗುವಿಗೆಂದು ಅವಳ ಕೈಗಿಟ್ಟರು. ಅವಳು ಅದನ್ನು ತೆಗೆದುಕೊಂಡಳು, ಥ್ಯಾಂಕ್ಸ್ ಸರ್ ಎಂದಳು.

ಹೊರಗೆ ಓಣಿಯಂಥ ಉದ್ದ ಪಡಸಾಲೆ. ಗೋಡೆಗೊರಗಿಸಿದ ನಕ್ಷೆಯ ಹಲಗೆಗಳ ಪಕ್ಕ ಬೀರು ನಿಂತಿದ್ದ. ಸಭೆಯ ಸಾಮಾನು ಹೊರಲು ಕ್ಯಾಪ್ಟನ್ ಅವನನ್ನು ಕರೆತಂದಿರಬೇಕು. ಅವಳನ್ನು ಕಂಡು ಹಲಗೆಗಳನ್ನು ಸರಿಸಿ, ತಾನೂ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಪಡಸಾಲೆ ನಾಲ್ಕು ಜನ ಸಾಲಾಗಿ ನಡೆಯುವಷ್ಟು ಅಗಲವಿತ್ತು.

“ಆಯ್ತಾ ಮೇಡಂ? ಯಾವುದು ಬಂತು?”

“ಡಬ್ಬಿ.”

“ಬಾಗಿಲು...?”

ಹಾಗೇ ಮುಂದೆ ಹೋಗಬಹುದಾಗಿತ್ತು. ಆಮೇಲೆ ಗೊತ್ತಾಗುತ್ತೆ ಎನ್ನಬಹುದಾಗಿತ್ತು. ಕಾಲು ನಿಂತುಬಿಟ್ಟಿತು. “ಬಾಗಿಲು ಅದೇ. ಭುಜ ನಲವತ್ತೆಂಟರ ಒಳಗಿರೋರನ್ನ ಮಾತ್ರ ಆ ಗಾಡಿಗೆ ಹಾಕ್ತಾರೆ. ಉಳಿದೋರಿಗೆ ಲಾರಿ.” ನಾನೇ ಬರೆದುಕೊಟ್ಟೆ ಎಂದು ಹೇಳಲಿಲ್ಲ. ಬೀರುವಿನ ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದ. “ಅಂದ್ರೆ ಗಾಡಿ ಬೇರೆ, ಲಾರಿ ಬೇರೆ. ನಮ್ಮ ಏಳೂ ಜನ ಗಾಡೀಲಿ, ನಾನು...” ಎಂದು ನಿಲ್ಲಿಸಿದ. ಆಮೇಲೆ ತಲೆಯೆತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತುಂಬ ಗಂಭೀರವಾಗಿ, ಬೇರೆಯವರಿಗೆ ಕೇಳಬಾರದೆಂಬಂತೆ ಕೇಳಿದ: “ಆರು ಸೆಂಟಿಮೀಟರು. ಎಷ್ಟು ದಿನ ಟೈಮ್ ಕೊಡ್ತಾರೆ ಮೇಡಂ?”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಾಳೆಹಣ್ಣು ಹಿಡಿದ ಕೈ ಬಿಗಿಯಾಗಿ ಹಣ್ಣು ಸಿಪ್ಪೆ ಒಡೆದು ಬೆರಳ ಸಂದಿಗೆ ಬಂದಿತು, ಬೆಚ್ಚಗೆ, ಲೋಳೆಯಾಗಿ. “ಅದು ಮೂಳೆ ಕಣಪ್ಪ,” ಎಂದಳು. “ಮೂಳೆ ಕರಗಲ್ಲ.” “ಹೌದಾ ಮೇಡಂ,” ಎಂದು ಅವನು ತನ್ನ ಎಡಗೈಯಿಂದ ಬಲಭುಜವನ್ನು ಮುಟ್ಟಿ ನೋಡಿಕೊಂಡ, ಯಾರದೋ ಗಂಟನ್ನು ತಾನು ಹೊತ್ತು ನಿಂತವನ ಹಾಗೆ. ಬ್ಯಾಗಿನಲ್ಲಿ ಫೋನು ಮತ್ತೆ ನಡುಗಿತು. ಗಂಡ ಜ್ವರಕ್ಕೆ ಔಷಧಿ ಕೊಟ್ಟಿರುತ್ತಾನೆ, ಒದ್ದೆ ಬಟ್ಟೆ ಹಾಕಿರುತ್ತಾನೆ. ಅರ್ಧ ಗಂಟೆ ತಡವಾದರೆ ಅತ್ತು ಮಲಗುತ್ತಾಳೆ. ಮಗಳನ್ನು ಇನ್ನೊಂದು ಸಲ ನೆಪವಾಗಿ ಅಡ್ಡ ತರಲು ಅವಳಿಗೆ ಹೇಸಿಗೆಯಾಯಿತು. ಕಸದ ಬುಟ್ಟಿಗೆ ಹಣ್ಣು ಎಸೆದು, ಕೈ ಒರೆಸಿಕೊಂಡು, “ನನ್ನ ಜೊತೆ ಒಳಗೆ ಬಾ,” ಎಂದಳು.

“ನಾನಾ? ಅಲ್ಲಿ ಸಾಹೇಬ್ರೆಲ್ಲ ಊಟ ಮಾಡ್ತಿದಾರೆ ಮೇಡಂ.”

“ಮಾಡ್ಲಿ ಬಾ.”

ಬಾಯಿ ತುಂಬಿಕೊಂಡಿದ್ದವರು ತಲೆಯೆತ್ತಿದರು. ಕ್ಯಾಪ್ಟನ್ ಅರ್ಧ ಎದ್ದು ನಿಂತ. ಅವಳು ಯಾರಿಗೂ ಏನೂ ಹೇಳದೆ ಅಧ್ಯಕ್ಷರ ಪೊಟ್ಟಣದ ಕೆಳಗಿಂದ ಹಳೆಯ ಹಾಳೆಯನ್ನು ಎಳೆದುಕೊಂಡಳು. ಐದನೆಯ ಸಾಲು. ಎತ್ತರಕ್ಕೆ ಒಂದು ಗೀಟು, ಪಕ್ಕದಲ್ಲಿ ತನ್ನ ಎತ್ತರ, ಅದು ಗೊತ್ತಿತ್ತು. ಭುಜಕ್ಕೆ ಬಂದಾಗ ಪೆನ್ನು ನಿಂತಿತು. ನಾಲ್ಕು ಸಾವಿರ ಜನರ ಅಳತೆ ಬಾಯಿಪಾಠವಿದ್ದವಳಿಗೆ ತನ್ನದು ಎಷ್ಟೆಂದು ತಿಳಿದಿರಲಿಲ್ಲ. ಯಾರೂ ಅಳೆದಿರಲಿಲ್ಲ, ತನ್ನನ್ನು ತಾನೇ ಅಳೆಯಲು ಬರುವುದಿಲ್ಲ. ಬ್ಯಾಗಿನಿಂದ ಕ್ಯಾಲಿಪರ್ ತೆಗೆದು ಬೀರುವಿನ ಕೈಗೆ ಕೊಟ್ಟು, ಅವನಿಗೆ ಬೆನ್ನು ಮಾಡಿ, ತೋಳು ಇಳಿಬಿಟ್ಟು ನಿಂತಳು. ಹಾಗೆ ನಿಂತಾಗ ಅಷ್ಟು ವರ್ಷ ಆ ಗಂಡಸರೆಲ್ಲ ಯಾಕೆ ಸುಮ್ಮನಾಗುತ್ತಿದ್ದರೆಂದು ಅವಳಿಗೆ ತಿಳಿಯಿತು. ಅದು ಗೌರವವಾಗಿರಲಿಲ್ಲ.

ಕಬ್ಬಿಣದ ಎರಡು ತೋಳುಗಳು ಅವಳ ಭುಜದಿಂದ ಒಂದಿಂಚು ದೂರದಲ್ಲಿ ನಿಂತವು.

“ಮುಟ್ಟು, ಪರವಾಗಿಲ್ಲ,” ಎಂದಳು. “ಮುಟ್ಟದೆ ಅಳತೆ ಬರಲ್ಲ.”

ತಣ್ಣಗೆ ಎರಡೂ ಕಡೆ ತಾಗಿತು.

“ಎಷ್ಟು?”

“ಮೂವತ್ತೆಂಟು, ಮೇಡಂ.”

“ನನಗಲ್ಲ. ಅವರಿಗೆ ಹೇಳು.”

ಬೀರು ಹಿಮ್ಮಡಿ ಜೋಡಿಸಿ, ಕವಾಯತಿನ ಸ್ವರದಲ್ಲಿ, ಕಿಟಕಿಯ ಗಾಜು ನಡುಗುವಂತೆ, “ಮೂವತ್ತೆಂಟು, ಸಾರ್!” ಎಂದ. ಅವಳು ಐವತ್ನಾಲ್ಕರ ಮೇಲೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಬರೆದು, ಚುಟುಕು ಸಹಿ ಹಾಕಿದಳು. ಅಧ್ಯಕ್ಷರು ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದರು. “ಅಮ್ಮಾ, ಏನು ಮಾಡ್ತಿದೀರಿ ಅಂತ ಗೊತ್ತಾ ನಿಮಗೆ?” ಎಂದು ಅವರು ಕೇಳಿದ್ದು ಅವಳಿಗೆ ಕೇಳಿಸಿತು. ಅವರ ಸ್ವರದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು. ಆ ದಣಿವು ಅವಳದೂ ಆಗಿತ್ತು. ಆ ಟಾರ್ಪಾಲಿನ ಲಾರಿಗಳು ಎಲ್ಲಿಯೂ ಹೋಗಿರಲಿಲ್ಲ. ತೂಕದ ಕಾಲಂ ಇನ್ನೂ ಬಾಕಿ ಇತ್ತು. ಈ ಕಟ್ಟಡದಲ್ಲಿ ತೂಕ ನೋಡುವ ಯಂತ್ರ ಎಲ್ಲಿದೆ ಎಂದು ಅವಳು ಕ್ಯಾಪ್ಟನ್‌ನನ್ನು ಕೇಳಿದಳು.